ಶಾಂಘೈನಲ್ಲಿ ಹೇಳದ ಹೆಸರು

ಮೊಳಕಾಲ್ಮುರಿನ ಸೋದರಮಾವನ ಮನೆಯ ಹೊಸಿಲಲ್ಲಿ ನಾಗೇಂದ್ರಪ್ಪ ಬೂಟು ಬಿಚ್ಚುತ್ತಿದ್ದಾಗಲೇ ಒಳಗಿನಿಂದ ದನಿ ಬಂತು.

"ಏಮಿ ಬಾವಾ, ಚೀನಾದೋರು ಕೊನೆಗೂ ಬಿಟ್ಟು ಕಳಿಸಿದ್ರಾ?"

ಮಾವನ ಮಗಳು ಪಾಲಮ್ಮ ಮಗ್ಗದಡಿ ಕಾಲಿಳಿಬಿಟ್ಟು ಕೂರುವ ಗುಣಿಯಿಂದ ಏಳಲಿಲ್ಲ. ಕೈಯಲ್ಲಿ ಲಾಳಿ, ಕಣ್ಣಂಚಿನಲ್ಲಿ ನಗು. ಅಪ್ಪ ಪಾಪಣ್ಣನಿಗೆ ಕಣ್ಣು ಮಂಜಾದ ಮೇಲೆ ಮಗ್ಗ ಅವಳದೇ. ಬರುವ ವೈಶಾಖಕ್ಕೆ ಇಬ್ಬರ ಮದುವೆ ಎಂದು ಹಿರಿಯರು ಮಾತಾಡಿಕೊಂಡಿದ್ದರು.

ನಾಗೇಂದ್ರಪ್ಪ ಮೈಸೂರಿನ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು. ಆ ವರ್ಷ, ೧೯೨೬ರಲ್ಲಿ, ಶಾಂಘೈನ ಕಾಲೇಜೊಂದು ಮೈಸೂರಿನಿಂದ ಅವನೂ ಸೇರಿ ಮೂವರು ಮೇಷ್ಟ್ರುಗಳನ್ನು ಎರಡು ತಿಂಗಳ ಮಟ್ಟಿಗೆ ಕರೆಸಿಕೊಂಡಿತ್ತು. ನೇಕಾರ ಕುಟುಂಬಗಳ ಬಗ್ಗೆ ಅವನು ಲೆಕ್ಚರ್ ಕೊಟ್ಟು ಬಂದಿದ್ದ.

"ನಾನು ನೇಯ್ದ ಶಲ್ಯ ಹೊದ್ದಿದ್ದೆಯಾ?"

"ಹೂಂ. ದೊಡ್ಡ ಊಟದ ದಿನ."

"ಯಾರು ನೇಯ್ದಿದ್ದು ಅಂತ ಯಾರಾದ್ರೂ ಕೇಳಿದ್ರಾ?"

ಅವಳು ಆಸೆಯಿಂದ ಕತ್ತೆತ್ತಿದಳು. ಹಡಗಿನಲ್ಲಿ ಹದಿನೆಂಟು ದಿನ ಕೂತು ಅವನು ಒಂದು ಸುಳ್ಳನ್ನು ಹೊಂದಿಸಿಟ್ಟುಕೊಂಡಿದ್ದ. ಅದು ಬಾಯಿಗೆ ಬರಲಿಲ್ಲ.

"ಒಬ್ಬ ಮುದುಕ ಪ್ರೊಫೆಸರು ಅಂಚು ಮುಟ್ಟಿ ಕೇಳಿದ್ರು. ಮೈಸೂರಿನ ಇಬ್ಬರೂ ಪಕ್ಕದಲ್ಲೇ ಕೂತಿದ್ರು. ನಾನು... ನಮ್ಮ ಕಡೆ ಯಾರೋ ಕೂಲಿ ಹೆಂಗಸು ಅಂದೆ."

ಲಾಳಿ ನಿಂತಿತು.

"ಆ ಮುದುಕ ಎಲ್ಲರ ಮುಂದೆ ಹೇಳಿದ್ರು, ತನ್ನ ತಾಯಿನೂ ರೇಷ್ಮೆ ಗೂಡು ಬೇಯಿಸಿ ನೂಲು ತೆಗೀತಿದ್ಲು ಅಂತ. ನಂಗೆ ತಲೆ ಎತ್ತೋಕೆ ಆಗ್ಲಿಲ್ಲ, ಪಾಲಮ್ಮ."

"ನಿಮ್ಮಪ್ಪನೂ ಮಗ್ಗದೋನೇ ಅಂತ ಆವಾಗಾದ್ರೂ ಹೇಳಿದೆಯಾ?"

"ಇಲ್ಲ."

ಅವಳ ಮುಖ ಕೆಂಪಾಯಿತು. "ಕೂಲಿ ಅಂದಿದ್ದಕ್ಕೆ ಬೇಜಾರಿಲ್ಲ. ಯಾರೋ ಅಂದೆಯಲ್ಲ! ಹೋಗು ಬಾವ. ಇವತ್ತು ನಿನ್ನ ಮುಖ ನೋಡೋಕಾಗಲ್ಲ."

ಮೂರು ದಿನ ಬಿಟ್ಟು ಚಳ್ಳಕೆರೆಯ ಶಾಲೆಯಲ್ಲಿ ಅವನ ಚೀನಾ ಭಾಷಣವಿತ್ತು. ಮೈಸೂರಿನಿಂದ ಪ್ರಿನ್ಸಿಪಾಲರೇ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಅಳಿಯನ ಮಾತು ಕೇಳಲೇಬೇಕೆಂದು ಹಟ ಹಿಡಿದ ಪಾಪಣ್ಣನ ಕೈ ಹಿಡಿದುಕೊಂಡು ಪಾಲಮ್ಮ ಬಾಗಿಲ ಬಳಿ ನಿಂತಿದ್ದಳು. ಅವಳು ವೇದಿಕೆಯ ಕಡೆ ನೋಡುತ್ತಿರಲಿಲ್ಲ.

ನಾಗೇಂದ್ರಪ್ಪ ಬರೆದು ತಂದಿದ್ದ ಕಾಗದ ಮಡಚಿಟ್ಟ. ಶಾಂಘೈನ ಊಟದ ಮೇಜಿನಲ್ಲಿ ತಾನು ಆಡಿದ ಮಾತನ್ನೇ ಮೊದಲು ಹೇಳಿದ. ತನ್ನಪ್ಪ ರಂಗಯ್ಯ ಇದೇ ಸೀಮೆಯ ನೇಕಾರನೆಂದ.

"ಆ ಶಲ್ಯ ನೇಯ್ದವರು ಮೊಳಕಾಲ್ಮುರಿನ ಪಾಲಮ್ಮ. ನನ್ನ ಮಾವನ ಮಗಳು, ನಾನು ಮದುವೆಯಾಗಬೇಕೆಂದಿರುವ ಹುಡುಗಿ. ಅಲ್ಲಿ ಅವರ ಹೆಸರು ಹೇಳಲಿಲ್ಲ. ತಪ್ಪು ಮಾಡಿದೆ."

ಪ್ರಿನ್ಸಿಪಾಲರು ಕನ್ನಡಕ ತೆಗೆದು ಒರೆಸತೊಡಗಿದರು. ಹಿಂದಿನ ಸಾಲುಗಳಲ್ಲಿ ಗುಸುಗುಸು ಎದ್ದಿತು. ಪಾಲಮ್ಮ ಮಾತ್ರ ಈಗ ಅವನನ್ನೇ ನೋಡುತ್ತಿದ್ದಳು.

ಜನ ಕರಗಿದ ಮೇಲೆ ಅವನು ಅವಳ ಹತ್ತಿರ ಬಂದ.

"ನನ್ನ ಜೊತೆ ಮೈಸೂರಿಗೆ ಬರ್ತೀಯಾ?"

"ಬರ್ತೀನಿ. ಮಗ್ಗನೂ ಬರ್ತೈತೆ."

ಮೈಸೂರಿನಲ್ಲಿ ಅಕ್ಕಪಕ್ಕದ ಮೇಷ್ಟ್ರುಗಳ ಮನೆಯವರು ಮಗ್ಗ ನೋಡಲು ಕಿಟಕಿಯಲ್ಲಿ ಇಣುಕುವುದು ಅವನ ಕಣ್ಣಮುಂದೆ ಬಂತು. ಹಾಗೆ ಯೋಚಿಸಿದ್ದಕ್ಕೇ ಮತ್ತೆ ಮುಖ ಬಿಸಿಯಾಯಿತು. ಅದು ಅವಳಿಗೂ ಕಂಡಿತು.

"ಬೀದಿ ಕಡೆ ಕೋಣೇಲೇ ಹಾಕೋಣ," ಎಂದ.

"ಗುಣಿ ನೀನೇ ತೋಡ್ಬೇಕು ಮತ್ತೆ," ಎಂದು ಪಾಲಮ್ಮ ನಕ್ಕಳು.