ಒಣಗದ ತೋಟ

ಕಾಂತೇಶ ತೋರುಬೆರಳಿನಿಂದ ಕೊಳದ ನೀರನ್ನು ಮುಟ್ಟಿ ನೋಡಿದ. ಬೆರಳಿಗೆ ಹಸಿರು ಮೆತ್ತಿಕೊಂಡಿತು. ಹೋದ ವಾರ ಹಚ್ಚಿದ ಬಣ್ಣ ಇನ್ನೂ ಹಸಿ.

ಪಕ್ಕದ ಸ್ಟ್ಯಾಂಡಿನಲ್ಲಿ ಕಾಲೇಜು ಕಲಿಯುವ ಸುನೀಲನ ಕ್ಯಾನ್ವಾಸು ಖಡಕ್ಕಾಗಿ ಒಣಗಿ ನಿಂತಿತ್ತು. ಇಬ್ಬರೂ ನಕಲು ಮಾಡುತ್ತಿದ್ದುದು ಗೋಡೆಗೆ ಅಂಟಿಸಿದ್ದ ಒಂದೇ ಚಿತ್ರವನ್ನು. ಹಳೆಯ ವಿಲಾಯತಿ ತೋಟ: ಕೊಳ, ಕಲ್ಲುಬೆಂಚು, ಕೆಂಪು ಹೂವಿನ ಪೊದೆ. ಒಂದು ಪದರು ಒಣಗುವ ತನಕ ಅದರ ಮೇಲೆ ಇನ್ನೊಂದು ಹಚ್ಚಬಾರದು ಎಂಬುದು ಸಂಘಮಿತ್ರಾ ಟೀಚರ್ ಕಟ್ಟಪ್ಪಣೆ. ಹಾಗಾಗಿ ಸುನೀಲ ಹೂವಿಗೆ ಬಂದಿದ್ದ, ಕಾಂತೇಶ ಇನ್ನೂ ನೀರಿನಲ್ಲೇ ಇದ್ದ.

ಕಾಂತೇಶ ಏಳನೇ ತರಗತಿಗೇ ಶಾಲೆ ಬಿಟ್ಟವನು. ಬೈಲಹೊಂಗಲದ ಅರ್ಧ ಅಂಗಡಿಗಳ ಬೋರ್ಡು ಅವನ ಕೈಯವೇ. ಫ್ಲೆಕ್ಸ್ ಬಂದು ಆ ಕೆಲಸ ತಿಂದುಹಾಕಿತು. ಎಣ್ಣೆಬಣ್ಣ ಕಲಿತು ಚಿತ್ರಕಾರನಾಗುತ್ತೇನೆಂಬ ಹಟದಿಂದ ಪ್ರತಿ ಭಾನುವಾರ ತನ್ನೂರು ನೇಸರಗಿಯಿಂದ ಬಸ್ಸು ಹತ್ತಿ ಈ ಕ್ಲಾಸಿಗೆ ಬರುತ್ತಿದ್ದ. ಧಾರವಾಡದಲ್ಲಿ ಡಿಪ್ಲೊಮಾ ಮುಗಿಸಿ ಬಂದ ಸಂಘಮಿತ್ರಾಳನ್ನು ನೋಡಲಿಕ್ಕೂ ಬರುತ್ತಿದ್ದ. ಅದನ್ನು ಮಾತ್ರ ತನಗೂ ಹೇಳಿಕೊಂಡಿರಲಿಲ್ಲ.

ಅವಳು ಬೆನ್ನ ಹಿಂದೆ ಬಂದು ನಿಂತು, ಒಣಗಿತೇನು ಎಂದು ಮೆಲ್ಲಗೆ ವಿಚಾರಿಸುತ್ತಿದ್ದಳು. ಇಲ್ಲವೆಂದರೆ ರೆಪ್ಪೆ ಇಳಿಸಿ, ತುಟಿಯ ಒಂದು ತುದಿಯಲ್ಲಿ ನಗುವನ್ನು ಬಚ್ಚಿಡುತ್ತಿದ್ದಳು. ಆ ನಗುವಿಗೆ ಎದೆ ಝುಮ್ಮೆನ್ನುತ್ತಿತ್ತು. ಊರಿಗೆ ಮರಳುವ ಬಸ್ಸಿನಲ್ಲಿ ಅದೇ ನಗು ಮುಳ್ಳಾಗುತ್ತಿತ್ತು. ನನ್ನನ್ನು ಆಡಿಕೊಳ್ಳುತ್ತಾಳೇನು?

ಇವತ್ತು ಅವನು, ಬಣ್ಣ ಕಲಸಲೆಂದು ಟೀಚರ್ ತುಂಬಿಕೊಟ್ಟ ತನ್ನ ಎಣ್ಣೆಯ ಬಟ್ಟಲನ್ನು ಮೂಗಿಗೆ ಹಿಡಿದ. ಆಮೇಲೆ ಸುನೀಲನದನ್ನು. ಸುನೀಲನದು ಅಗಸೆ ಎಣ್ಣೆ. ತನ್ನದು ಕುಸುಬೆ ಎಣ್ಣೆ, ಅವ್ವ ಪದ್ಮವ್ವ ದಿನಾ ಒಗ್ಗರಣೆಗೆ ಹಾಕುವಂಥದು.

ಮೈಯೆಲ್ಲ ಉರಿಯಿತು. ಕಲಿತವರಿಗೆ ಒಳ್ಳೆಯದು, ಬೋರ್ಡು ಬರೆಯುವವನಿಗೆ ಅಡುಗೆಮನೆಯದು.

ಎಲ್ಲರೂ ಹೋಗುವವರೆಗೆ ಹಲ್ಲು ಕಚ್ಚಿ ಕೂತಿದ್ದು, ಬಟ್ಟಲನ್ನು ತಂದು ಸಂಘಮಿತ್ರಾಳ ಮೇಜಿನ ಮೇಲೆ ಕುಕ್ಕಿದ.

"ಟೀಚರ್, ಇದರಾಗ ಭಜಿ ಕರೀಬೇಕೇನ್ರಿ?"

ಅವಳ ಮುಖ ಕೆಂಪಾಯಿತು. ಚಿತ್ರಕಾರರೂ ಕುಸುಬೆ ಎಣ್ಣೆ ಬಳಸುತ್ತಾರೆ, ಚಿತ್ರವೇನೂ ಕೆಡುವುದಿಲ್ಲ, ತಡವಾಗಿ ಒಣಗುತ್ತದೆ ಅಷ್ಟೇ ಎಂದು ಗಡಿಬಿಡಿಯಲ್ಲಿ ಹೇಳಿದಳು.

"ಮತ್ತ ನನಗೊಬ್ಬಂಗ ಯಾಕ್ರಿ? ಸಾಲಿ ಬಿಟ್ಟಾಂವ, ಇಂವಾ ಮುಂದ ಬರಬಾರದಂತೇನು?"

ಅವಳು ಬಟ್ಟಲನ್ನು ತನ್ನತ್ತ ಎಳೆದುಕೊಂಡಳು.

"ಸುನೀಲಂದು ಮುಗೀಲಿಕ್ಕ ಬಂತು. ಚಿತ್ರಾ ತಗೊಂಡು ಹೋಗ್ತಾನ. ನಿಮ್ದೂ ಮುಗದ್ರ ನೀವೂ ಹೋಗ್ತೀರಿ. ಅದಕ್ಕ... ಮುಗೀಬಾರದಂತ ಹಾಕೇನಿ."

ಕಾಂತೇಶ ಅವಳ ತುಟಿಯ ತುದಿಯಲ್ಲಿ ಆ ನಗುವನ್ನು ಹುಡುಕಿದ. ಇರಲಿಲ್ಲ. ಕೆಳತುಟಿ ಅದುರುತ್ತಿತ್ತು. ಸಂಶಯಕ್ಕೆ ಕಾಲೂರಲು ಜಾಗ ಸಿಗಲಿಲ್ಲ, ಸಿಟ್ಟು ಮಾತ್ರ ಉಳಿಯಿತು.

"ನನ್ನ ಕೈನೇ ಸರಿ ಇಲ್ಲಂತ ತಿಳಕೊಂಡಿದ್ನಲ್ರೀ ನಾ. ಮನ್ಯಾಗ ಕುಂಚಾ ಮುರದ್ ಒಗದೇನಿ."

ತಪ್ಪಾಯಿತೆಂದು ಅವಳು ಅಂದದ್ದು ಕೇಳಿಸಲಿಲ್ಲ, ತುಟಿ ಅಲುಗಿದ್ದು ಕಂಡಿತು. ಅವನು ಕಪಾಟಿನಿಂದ ಅಗಸೆ ಎಣ್ಣೆಯ ಬಾಟಲಿ ತೆಗೆದು ಅವಳ ಮುಂದಿಟ್ಟ.

"ಇದನ್ನ ಹಾಕ್ರಿ. ತ್ವಾಟ ಮುಗಸ್ತೇನಿ. ಮುಗದ ಮ್ಯಾಲೂ ಬರತೇನಿ, ನಿಮ್ಮನ್ನ ನೋಡಾಕ. ಬ್ಯಾಡಂದ್ರ ಈಗ ಹೇಳಿಬಿಡ್ರಿ."

ಇಷ್ಟನ್ನೂ ಜಗಳದ ದನಿಯಲ್ಲೇ ಹೇಳಿದ.

ಅವಳು ಬೇಡ ಅನ್ನಲಿಲ್ಲ. ಅವನ ಬಟ್ಟಲನ್ನು ಒರೆಸಿ ಎಣ್ಣೆ ಸುರಿಯತೊಡಗಿದಳು. ನೋಟ ಬಟ್ಟಲಿನ ಮೇಲಿರಲಿಲ್ಲ, ಎಣ್ಣೆ ಮೇಜಿನ ಮೇಲೆಲ್ಲ ಚೆಲ್ಲಿತು. ಕಾಂತೇಶ ಬಟ್ಟಲನ್ನು ಹಿಡಿಯಲು ಹೋಗಿ ಅವಳ ಬೆರಳುಗಳನ್ನೂ ಹಿಡಿದುಕೊಂಡ, ಬಟ್ಟಲು ತುಂಬಿದ ಮೇಲೂ ಬಿಡಲಿಲ್ಲ.