ಮೂರು ಕೀಲಿಕೈ, ಒಂದು ಹಿಡಿ ಧೂಪ

ನವೆಂಬರ್ ಮೂರು, ಬೆಳಿಗ್ಗೆ ಎಂಟೂವರೆ. ಯೂಕುತಿಂದೊ ಊರಿನ ಅಧ್ಯಕ್ಷ ಮೆಲೆಸಿಯೊ ಟೋಪಿ ಕೈಯಲ್ಲಿ ಹಿಡಿದು ಠಾಣೆಗೆ ಬಂದ. ಪುರಸಭೆಯ ಪೆಟ್ಟಿಗೆಯಲ್ಲಿದ್ದ ಹಳೆಯ ಕಾಗದದ ಕಟ್ಟು ಕಾಣೆಯಾಗಿದೆ ಎಂದು ದೂರು. ಮುನ್ನೂರು ವರ್ಷದ ಹಿಂದೆ ಊರಿನ ಪೂರ್ವಿಕರ ಮಿಶ್ತೆಕ್ ಭಾಷೆಯಲ್ಲಿ ಬರೆದದ್ದು. ಊರು ಹುಟ್ಟಿದ ಕತೆ ಅದರಲ್ಲಿದೆ ಎಂದು ಪ್ರತೀತಿ. ಅದರ ಫೋಟೊ ತೆಗೆಯಲು ಮಾರನೆಯ ದಿನವೇ ರಾಜಧಾನಿಯ ಪತ್ರಾಗಾರದಿಂದ ಒಬ್ಬ ಮೇಡಂ ಬರುವವರಿದ್ದರು.

ಇನ್‌ಸ್ಪೆಕ್ಟರ್ ಅಬುಂದಿಯೊ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೆಬಲ್ ರೆಮೆಡಿಯೋಸ್‌ಳನ್ನು ಕರೆದುಕೊಂಡು ಹೊರಟ. ಹಳೆಯ ವಸ್ತುಗಳ ದಲ್ಲಾಳಿಗಳ ಕೆಲಸವೇ ಇರಬೇಕೆಂದು ದಾರಿಯುದ್ದಕ್ಕೂ ಅವನ ಲೆಕ್ಕಾಚಾರ.

ಪಂಚನಾಮೆ ಶುರುವಾದ ಮೇಲೆ ಆ ಲೆಕ್ಕ ತಪ್ಪಿತು. ಪೆಟ್ಟಿಗೆಗೆ ಮೂರು ಬೀಗ, ಮೂರೂ ತೆರೆದಿದ್ದವು, ಒಂದನ್ನೂ ಒಡೆದಿರಲಿಲ್ಲ. ಎದುರಿಗಿದ್ದ ಮಣ್ಣಿನ ಧೂಪದಾನಿಯಲ್ಲಿ ಕೋಪಾಲ್ ಧೂಪದ ಹೊಸ ಬೂದಿ.

"ಇದು ಯಾವಾಗ ಹಾಕಿದ್ದು?"

"ಜನವರಿ ಒಂದಕ್ಕೆ ಪೆಟ್ಟಿಗೆ ತೆಗೆಯೋವಾಗ ಹಾಕ್ತೀವಿ ಸಾಹೇಬ್ರೇ. ಹಾಕದೆ ತೆಗೆದ್ರೆ ಹಿರಿಯರಿಗೆ ಸಿಟ್ಟು ಬರುತ್ತೆ," ಎಂದ ಅಧ್ಯಕ್ಷ. ಬೂದಿ ಮುಟ್ಟಿ ನೋಡಿ, "ಇದು ಹೊಸದು. ನಾವು ಹಾಕಿದ್ದಲ್ಲ," ಎಂದ.

"ಭಕ್ತಿವಂತ ಕಳ್ಳ ಸಾರ್," ಎಂದಳು ರೆಮೆಡಿಯೋಸ್.

ಅಬುಂದಿಯೊ ನಗಲಿಲ್ಲ. ದಲ್ಲಾಳಿ ಧೂಪ ಹಾಕುವುದಿಲ್ಲ. ಹಿರಿಯರ ಸಿಟ್ಟಿಗೆ ಹೆದರುವವನು ಊರಿನವನೇ ಆಗಿರಬೇಕು. ಆದರೆ ಮೂರು ಕೀಲಿಕೈ ಅವನಿಗೆ ಸಿಕ್ಕಿದ್ದು ಹೇಗೆ?

ಒಂದು ಕೀಲಿ ಅಧ್ಯಕ್ಷನ ಬಳಿ, ಇನ್ನೊಂದು ಚರ್ಚಿನ ಉಸ್ತುವಾರಿ ನೋಡುವವನ ಬಳಿ, ಮೂರನೆಯದು ವಿಧವೆ ಎರ್ಮೀನಿಯಾಳ ಬಳಿ. ಸತ್ತವರ ಹಬ್ಬದ ದಿನ, ಅಂದರೆ ನಿನ್ನೆ, ಮೂರೂ ಮನೆಗಳಲ್ಲಿ ಕೀಲಿಕೈ ಪೂಜೆಯ ಮೇಜಿನ ಮೇಲೆ ಹೂವು, ರೊಟ್ಟಿಗಳ ನಡುವೆ ಇತ್ತು. ಹಿಂದೆ ಆ ಕೀಲಿಯನ್ನು ಕಾಯುತ್ತಿದ್ದು ಈಗ ತೀರಿಕೊಂಡವರು ಬಂದು ಒಮ್ಮೆ ನೋಡಿಕೊಂಡು ಹೋಗಲಿ ಎಂದು ಇಡುವುದು ವಾಡಿಕೆ. ಸತ್ತರೂ ಅಧಿಕಾರದ ಆಸೆ ಬಿಡುವುದಿಲ್ಲವೇನೋ.

"ನಿನ್ನೆ ಯಾರ್ಯಾರು ಬಂದಿದ್ರು ಅಮ್ಮಾ?" ವಿಧವೆಯ ಮನೆಯಲ್ಲಿ ಅಬುಂದಿಯೊ ಕೇಳಿದ.

"ಊರಿಗೆ ಊರೇ ಬಂದಿತ್ತು. ಹಬ್ಬ ಅಲ್ವಾ?" ಎಂದಳು ಎರ್ಮೀನಿಯಾ.

"ಮೇಜಿನ ಮುಂದೆ ಒಬ್ಬರೇ ಕೂತವರು?"

"ಪ್ರಾರ್ಥನೆ ಹೇಳೋ ಕಾಸ್ತುಲೊ ಅಣ್ಣ. ಬೆಳಿಗ್ಗೆ ಸತ್ತವರನ್ನ ಕರೆಯೋಕೆ, ಸಂಜೆ ಕಳಿಸೋಕೆ. ಆಗ ನಾವು ಹೊರಗಿರ್ಬೇಕು."

ಉಳಿದ ಎರಡು ಮನೆಗಳಲ್ಲೂ ಅದೇ ಉತ್ತರ ಬಂತು. ಅಂದರೆ ಬೆಳಿಗ್ಗೆ ತೆಗೆದ ಕೀಲಿಯನ್ನು ಸಂಜೆ ವಾಪಸ್ಸು ಇಟ್ಟಿದ್ದಾನೆ. ನಡುವೆ ಊರೆಲ್ಲ ಸ್ಮಶಾನದಲ್ಲಿ, ಪುರಸಭೆ ಖಾಲಿ. ಜನವರಿ ಒಂದಕ್ಕೆ ಆ ಕಾಗದವನ್ನು ಊರಿನ ಮುಂದೆ ಓದುವವನೂ ಇದೇ ಕಾಸ್ತುಲೊ, ಅವನಿಗಿಂತ ಮೊದಲು ಅವನಪ್ಪ. ಅಬುಂದಿಯೊನ ಕುತೂಹಲ ಕೆರಳಿತು. ತನ್ನ ಕೈಯಲ್ಲೇ ಇದ್ದದ್ದನ್ನು ಮನುಷ್ಯ ಯಾಕೆ ಕದಿಯುತ್ತಾನೆ?

ಮುದುಕ ಕಾಸ್ತುಲೊ ತನ್ನ ಮನೆ ಬಾಗಿಲಲ್ಲೇ ಕೂತಿದ್ದ. ಕಾಗದ ಎಲ್ಲಿ ಎಂದು ಕೇಳಿದ್ದಕ್ಕೆ ಎದ್ದು, ಹೊಸ ಚಾಪೆಯಲ್ಲಿ ಸುತ್ತಿದ ಕಟ್ಟನ್ನು ತಂದುಕೊಟ್ಟ. ನುಸಿ ಹಿಡಿಯದಂತೆ ಒಳಗೆ ಒಣ ಸೊಪ್ಪು ಇಟ್ಟಿದ್ದ.

"ಯಾಕಜ್ಜಾ?"

"ಆ ಮೇಡಂ ಓದ್ತಾಳಂತಲ್ಲ."

"ಓದಿದ್ರೇನು?"

"ನಂಗೆ ಓದೋಕೆ ಬರಲ್ಲಪ್ಪ. ಅಪ್ಪ ಹೇಳ್ತಿದ್ದದ್ದನ್ನ ಬಾಯಿಪಾಠ ಮಾಡಿದೀನಿ. ಅಪ್ಪಂಗಾದ್ರೂ ಬರ್ತಿತ್ತೋ ಇಲ್ವೋ. ನಾಳೆ ಅವಳು ಬೇರೇನೋ ಓದಿದ್ರೆ, ಊರಲ್ಲಿ ನಾನು ಹೇಗಪ್ಪ ಮುಖ ತೋರಿಸ್ಲಿ?"

"ಸುಟ್ಟುಬಿಡಬಹುದಿತ್ತಲ್ಲ."

"ಸುಡೋದಾ?" ಮುದುಕನಿಗೆ ನಿಜವಾಗಿಯೂ ಸಿಟ್ಟು ಬಂತು. "ಬಾಯಿಗೆ ಬಂದಂಗೆ ಮಾತಾಡ್ಬೇಡ."

ಸಂಜೆ ನಾಲ್ಕಕ್ಕೆ ದಸ್ತಗಿರಿಯಾಯಿತು. ಮಾರನೆಯ ದಿನ ಪತ್ರಾಗಾರದ ಮೇಡಂ ಠಾಣೆಯಲ್ಲೇ ಕಾಗದ ಬಿಡಿಸಿ ಓದಿದರು. ಅದು ಆ ಕಾಲದ ಯಾರೋ ವಿಧವೆಯ ಉಯಿಲು: ಮಗಳಿಗೆ ತಾಮ್ರದ ಹಂಡೆ, ಅಳಿಯನಿಗೆ ಕತ್ತಾಳೆ ತೋಟ. ಊರು ಹುಟ್ಟಿದ ಕತೆಯ ಒಂದು ಸಾಲೂ ಇರಲಿಲ್ಲ. ಲಾಕಪ್ಪಿನಲ್ಲಿದ್ದ ಕಾಸ್ತುಲೊ ಗೋಡೆಯ ಕಡೆ ತಿರುಗಿಕೊಂಡ.

ಅಷ್ಟರಲ್ಲಿ ಮೆಲೆಸಿಯೊ ಜಾಮೀನಿಗೆಂದು ಬಂದ. "ಜನವರಿ ಒಂದಕ್ಕೆ ಅವರು ಬೇಕೇಬೇಕು ಸಾಹೇಬ್ರೇ. ಓದೋಕೆ ಬೇರೆ ಯಾರೂ ಇಲ್ಲ."

"ಅವರಿಗೆ ಓದೋಕೆ ಬರಲ್ಲ ಕಣ್ರೀ."

"ಗೊತ್ತು. ಕಣ್ಣು ಮುಚ್ಕೊಂಡು ಓದ್ತಾರೆ. ಊರಿನವರಿಗೆಲ್ಲ ಕಣ್ಣಿಲ್ವಾ?"

"ಮತ್ತೆ ಇಷ್ಟು ವರ್ಷ ಯಾರೂ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಅವರು ಕತೆ ಹೇಳೋದನ್ನೇ ನಿಲ್ಲಿಸಿಬಿಡ್ತಿದ್ರಲ್ಲ."

ಲಾಕಪ್ಪಿನೊಳಗೆ ಮುದುಕ ನಿಧಾನವಾಗಿ ಈ ಕಡೆ ತಿರುಗಿದ. ಮೇಡಂ ಉಯಿಲನ್ನು ಪಕ್ಕಕ್ಕಿಟ್ಟು, ಚೀಲದಿಂದ ರೆಕಾರ್ಡರ್ ತೆಗೆದು, ಸರಳಿನ ಹತ್ತಿರ ಕುರ್ಚಿ ಎಳೆದುಕೊಂಡರು. ಅಬುಂದಿಯೊ ವರದಿಯಲ್ಲಿ ಅಪರಾಧದ ಕಾರಣ ಎಂಬಲ್ಲಿ 'ನಾಚಿಕೆ' ಎಂದು ಬರೆದು ಸಹಿ ಹಾಕಿದ.