‘ನೋಡಿದೆ’ ಎಂದು ಸಹಿ ಹಾಕಿದವನು

“ಏಯ್! ಆ ಕಂಬದಿಂದ ಕೈ ತೆಗಿ! ಅದು ಜಾರಿದ್ರೆ ಮೇಲಿನ ಕಾಂಕ್ರೀಟೆಲ್ಲಾ ನಿನ್ನ ತಲೆ ಮೇಲೇ ಬರೋದು!”

ಅವಳು ಕೂಗಿದ ರಭಸಕ್ಕೆ ಮಹಡಿಯ ಕೆಲಸಗಾರರೆಲ್ಲ ನಿಂತಲ್ಲೇ ನಿಂತರು. ಸಿಮೆಂಟ್ ಮೆತ್ತಿದ ಅಂಗಿಯ ಆ ಮನುಷ್ಯ ಮಾತ್ರ ನಿಧಾನವಾಗಿ ಕೈ ತೆಗೆದು ನಕ್ಕ.

“ತೆಗೆದೆ ಮೇಡಂ. ಇನ್ನೇನಾದ್ರೂ ಅಪ್ಪಣೆ?”

ಮೇಸ್ತ್ರಿ ಓಡಿಬಂದು ಪಿಸುಗುಟ್ಟಿದ. “ಅಮ್ಮಾ, ಅವ್ರು ಚಿಕ್ಕ ಯಜಮಾನ್ರು! ಈ ಕಟ್ಟಡ ಕಟ್ಟಿಸ್ತಿರೋದೇ ಅವ್ರೂ ಅವ್ರ ಅಕ್ಕನೂ!”

ಅಯ್ಯೋ ದೇವರೇ... ಭೂಮಿ ಬಾಯಿಬಿಡಬಾರದೇ ಎನಿಸಿತು ಅವಳಿಗೆ. ಅವಳು ಆ ಕಟ್ಟಡದ ಇಂಜಿನಿಯರ್. ಸ್ವಂತ ಹೆಸರಿನಲ್ಲಿ ನಕ್ಷೆಗೆ ಸಹಿ ಹಾಕಿದ್ದು ಅದೇ ಮೊದಲು.

ಅಂದಿನಿಂದ ವಾರಕ್ಕೆರಡು ಸಲ ಭೇಟಿ. ಅವಳು ಸೂಚನೆಯ ಪುಸ್ತಕದಲ್ಲಿ ಕಾರ್ಬನ್ ಇಟ್ಟು ಬರೆಯುವಳು. ಅವನು ಕೆಳಗೆ ‘ನೋಡಿದೆ’ ಎಂದು ಬರೆದು ಸಹಿ ಹಾಕುವನು. ಮೇಲಿನ ಹಾಳೆ ಅವನಿಗೆ, ನಕಲು ಇವಳಿಗೆ.

“ಯಾವಾಗ್ಲೂ ಅದೊಂದೇ ಪದಾನಾ? ಬೇರೆ ಅಕ್ಷರ ಬರಲ್ವಾ ನಿಮ್ಗೆ?”

“ನೋಡೋಕೆ ಇಷ್ಟೊಂದಿರುವಾಗ ಬೇರೆ ಯಾಕೆ?”

ಪ್ರೀತಿಯಲ್ಲಿ ಬಿದ್ದವರ ಬುದ್ಧಿ ಎಲ್ಲಿ ಹೋಗಿರುತ್ತದೋ ನಿಮಗೇ ಗೊತ್ತು, ನನ್ನ ಬಾಯಲ್ಲಿ ಹೇಳಿಸಬೇಡಿ! ನಲವತ್ತೇಳನೇ ಹಾಳೆಯ ದಿನವಂತೂ ಅವನು ಮೇಸ್ತ್ರಿಯ ಗೊರಕೆಯನ್ನು ಅನುಕರಿಸಿ ತೋರಿಸುತ್ತಿದ್ದ. ಅವಳು ಹೊಟ್ಟೆ ಹಿಡಿದು ನಗುತ್ತಲೇ ಬರೆದು, ಸಹಿ ಹಾಕಿಸಿ, ನಗುತ್ತಲೇ ಹಾಳೆ ಹರಿದುಕೊಟ್ಟಳು. ಅವಳ ಮೂಗಿನ ತುದಿಗೆ ಕಾರ್ಬನ್ನಿನ ನೀಲಿ ಹತ್ತಿತ್ತು.

ಎರಡು ವಾರ ಕಳೆಯಿತು. ಮೇಸ್ತ್ರಿ ಎಂದಿನಂತೆ ಕಾಂಕ್ರೀಟ್ ಹಾಕಿದ ಹದಿನಾಲ್ಕನೇ ದಿನ ಬಾಲ್ಕನಿಯ ಕೆಳಗಿನ ಆಸರೆ ಕಂಬಗಳನ್ನು ತೆಗೆಸಿದ. ಮರುದಿನ ಬಾಲ್ಕನಿ ಒಂದು ಗೇಣು ಕುಸಿದು ಬಿರುಕು ಬಿಟ್ಟಿತು. ಊಟದ ಹೊತ್ತು, ಸದ್ಯ ಕೆಳಗೆ ಯಾರೂ ಇರಲಿಲ್ಲ.

ನಾಲ್ಕೇ ದಿನಕ್ಕೆ ಅವನ ಅಕ್ಕನಿಂದ ನೋಟೀಸು ಬಂತು. ನಕ್ಷೆಯೇ ತಪ್ಪು, ಇಂಜಿನಿಯರರ ಬೇಜವಾಬ್ದಾರಿಯೇ ಕಾರಣ ಎಂದು! ಅದು ನಿಜವೆಂದು ತೀರ್ಮಾನವಾದರೆ ನಕ್ಷೆಗೆ ಸಹಿ ಹಾಕುವ ಪರವಾನಗಿ ಹೋದಂತೆಯೇ.

ಒಪ್ಪಂದದಂತೆ ವಿಚಾರಣೆ ನಿವೃತ್ತ ನ್ಯಾಯಾಧೀಶರೊಬ್ಬರ ಮುಂದೆ. ಉದ್ದ ಮೇಜಿನ ಆ ಬದಿ ಅಕ್ಕ ತಮ್ಮ, ಈ ಬದಿ ಇವಳೊಬ್ಬಳೇ.

“ಇಪ್ಪತ್ತೆಂಟು ದಿನ ಕಂಬ ತೆಗೀಬಾರ್ದು ಅಂತ ಬರೆದುಕೊಟ್ಟಿದ್ದೆ ಸಾರ್. ಇವ್ರೇ ಸಹಿ ಹಾಕಿದ್ದಾರೆ.”

ನ್ಯಾಯಾಧೀಶರು ಅವನತ್ತ ತಿರುಗಿದರು. ಅವನು ತಲೆ ತಗ್ಗಿಸಿದ.

“ಅಂಥ ಸೂಚನೆ... ನನಗೆ ಗೊತ್ತಿಲ್ಲ ಸಾರ್.”

ಅವಳು ಅವನನ್ನೇ ದಿಟ್ಟಿಸಿದಳು. ಸುಳ್ಳು! ಕಣ್ಣಲ್ಲಿ ಕಣ್ಣಿಟ್ಟು ಮಾತಾಡುತ್ತಿದ್ದವನು ಇವನೇನಾ...?

“ಅವರ ಕಡೆ ಹಾಳೆಗಳು ಸೈಟ್ ಆಫೀಸ್ ಬದಲಾಯಿಸುವಾಗ ಎಲ್ಲೋ ಸೇರಿಹೋಗಿವೆಯಂತೆ. ನಿಮ್ಮ ನಕಲು ತೋರಿಸಮ್ಮ” ಎಂದರು ನ್ಯಾಯಾಧೀಶರು.

ಅವಳು ಪುಟ ತಿರುವಿದಳು. ನಲವತ್ತಾರು, ನಲವತ್ತೇಳು... ಖಾಲಿ! ಬಿಳಿ ಹಾಳೆ! ಮರುಕ್ಷಣ ಎಲ್ಲ ಹೊಳೆಯಿತು.

“ಕಾರ್ಬನ್ ಉಲ್ಟಾ ಇಟ್ಟಿದ್ದೆ ಸಾರ್... ಅವತ್ತು ನಗ್ತಾ ಇದ್ದೆ...”

ಅಕ್ಕನ ವಕೀಲರು ಕೆಮ್ಮಿದರು. “ಕಥೆ ಚೆನ್ನಾಗಿದೆ.”

ಆ ವಾರವಿಡೀ ಅವಳಿಗೆ ಅನ್ನ ಸೇರಲಿಲ್ಲ. “ಅವನ ವಿಷಯ ಬಿಟ್ಹಾಕೇ” ಎಂದರು ಅಮ್ಮ. ಬಿಡುವುದೆಂದರೆ ಅಷ್ಟು ಸುಲಭವೇ?

ಮುಂದಿನ ವಿಚಾರಣೆಗೆ ಅವನು ಕೆದರಿದ ತಲೆ, ಧೂಳು ಹಿಡಿದ ಅಂಗಿಯಲ್ಲೇ ಬಂದ. ಕೈಯಲ್ಲಿ ಒಂದು ಹಾಳೆ.

“ಟೈಲ್ಸ್ ಡಬ್ಬಗಳ ಅಡಿಯಲ್ಲಿತ್ತು ಸಾರ್. ಮೂರು ದಿನ ಹುಡುಕಿದೆ.”

ನ್ಯಾಯಾಧೀಶರು ಓದಿದರು. ಇಪ್ಪತ್ತೆಂಟು ದಿನ ಎಂದು ಸ್ಪಷ್ಟವಾಗಿತ್ತು. ತಿರುಗಿಸಿದರೆ ಹಿಂಬದಿಯಲ್ಲಿ ಅದೇ ಸಾಲುಗಳು ನೀಲಿಯಲ್ಲಿ, ಕನ್ನಡಿಯೊಳಗಿನ ಅಕ್ಷರಗಳಂತೆ ತಿರುವುಮುರುವು.

“ಸಹಿ ನಿಮ್ಮದೇ. ‘ನೋಡಿದೆ’ ಅಂತಲೂ ಬರೆದಿದ್ದೀರಿ. ಮತ್ತೆ ಗೊತ್ತಿಲ್ಲ ಅಂದ್ರಲ್ಲ?”

“ನಿಜಕ್ಕೂ ಗೊತ್ತಿರಲಿಲ್ಲ ಸಾರ್. ನೋಡಿದೆ ಅಂತ ಬರೆದದ್ದೂ ಸುಳ್ಳಲ್ಲ.” ಅವನು ಅವಳತ್ತ ಕೈ ತೋರಿದ. “ಇವ್ರನ್ನ ನೋಡಿದ್ದೆ. ಹಾಳೆ ಓದಿರಲಿಲ್ಲ. ಮೇಸ್ತ್ರಿಗೂ ಹೇಳಲಿಲ್ಲ. ತಪ್ಪು ಇವ್ರದಲ್ಲ, ನನ್ನದು.”

ಅವಳ ಕಣ್ಣು ತುಂಬಿ ಬಂತು... ಸಿಟ್ಟಿಗೋ, ಖುಷಿಗೋ ಅವಳಿಗೇ ತಿಳಿಯಲಿಲ್ಲ.

ಅಕ್ಕನ ಮುಖ ಕಳೆಗುಂದಿತ್ತು. ಅಪ್ಪ ತೀರಿಕೊಂಡ ಮೇಲೆ ಅವಳೊಬ್ಬಳೇ ನಿಂತು ಬೆಳೆಸಿದ ಕಂಪನಿ ಅದು. ಆದರೂ ಎದ್ದು ಬಂದು ಇವಳ ಕೈ ಹಿಡಿದಳು.

“ನೋಟೀಸು ವಾಪಸ್ ತಗೋತೀನಮ್ಮ. ಇವನು ಪರೀಕ್ಷೇಲೂ ಪ್ರಶ್ನೆ ಪೂರ್ತಿ ಓದ್ದೇ ಉತ್ತರ ಬರೀತಿದ್ದ. ಆಗಲೇ ಕಿವಿ ಹಿಂಡಬೇಕಿತ್ತು ನಾನು.”

ಹೊರಗೆ ಮೆಟ್ಟಿಲ ಬಳಿ ಅವನು ಕಾದು ನಿಂತಿದ್ದ.

“ಆ ಹಾಳೆ ಹರಿದು ಬಿಸಾಕಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಯಾಕೆ ತಂದ್ರಿ?” ಎಂದು ಕೇಳಿದಳು.

“ಮೂರು ದಿನ ಹುಡುಕಿದ್ದು ಹರಿಯೋಕಾ? ನೀವು ಸುಳ್ಳು ಹೇಳಲ್ಲ ಅಂತ ಗೊತ್ತಿತ್ತು.” ಹತ್ತಿರ ಬಂದು ಕೇಳಿದ. “ತುಂಬಾ ಕೋಪಾನಾ?”

“ಬೆಟ್ಟದಷ್ಟು! ಕೆಳಗೆ ಯಾರಾದ್ರೂ ಇದ್ದಿದ್ರೆ?”

“ಅದನ್ನೇ ನೆನೆಸಿಕೊಂಡು ನಿದ್ದೆ ಬರ್ತಿಲ್ಲ” ಎಂದ ಮೆಲ್ಲಗೆ.

ಅವಳು ಮೆಟ್ಟಿಲ ಮೇಲೆ ಕುಳಿತು ಪುಸ್ತಕ ತೆರೆದಳು. ಕಾರ್ಬನ್ನನ್ನು ಎರಡೆರಡು ಸಲ ತಿರುಗಿಸಿ ನೋಡಿ, ಸರಿಯಾಗಿಟ್ಟು ಬರೆದಳು.

“ತಗೊಳ್ಳಿ. ಪೂರ್ತಿ ಓದಿ. ಜೋರಾಗಿ.”

“ಸೂಚನೆ ಐವತ್ತೆರಡು. ಬಾಲ್ಕನಿ ಒಡೆದು ಹೊಸದಾಗಿ ಕಟ್ಟಬೇಕು. ಅದು ಮುಗಿಯುವವರೆಗೆ ಚಿಕ್ಕ ಯಜಮಾನರು ದಿನವೂ ಇಂಜಿನಿಯರ್ ಜೊತೆ ಇರಬೇಕು...” ಅವನು ಮುಂದಿನ ಸಾಲಿಗೆ ಬೆರಳಿಟ್ಟ. “ಮುಗಿದ ಮೇಲೂ... ಇರಬೇಕು.”

“ಅರ್ಥ ಆಯ್ತಾ?”

“ಇನ್ನೊಂದ್ಸಲ ಓದ್ಲಾ?”

“ಎಷ್ಟು ಸಲ ಬೇಕಾದ್ರೂ.”

ಮತ್ತೊಮ್ಮೆ ಮನಸ್ಸಿನಲ್ಲೇ ಓದಿ, ಅವನು ಬಗ್ಗಿ ಬರೆದ. ಅವಳು ಇಣುಕಿದಳು. ‘ಓದಿದೆ. ಒಪ್ಪಿದೆ.’

“ನಕಲು ಬಂದಿದೆಯಾ ನೋಡಿ” ಎಂದ.

ಅವಳು ಮೇಲಿನ ಹಾಳೆ ಎತ್ತಿದಳು.

“ಬಂದಿದೆ” ಎಂದಳು. “ಇದನ್ನ ಮಾತ್ರ ಟೈಲ್ಸ್ ಡಬ್ಬದಡಿ ಇಡಬೇಡಿ ಮಾರಾಯ್ರೇ!”